ಬೈನಾಮಿಯಲ್, ಪಾಯ್ಸಾನ್, ಜಿಯೊಮೆಟ್ರಿಕ್: ನಮ್ಮ ಕಡೆ ಯಾವುದನ್ನು ಎಲ್ಲಿ ಹಚ್ಚಬೇಕು?

ನಿಮ್ಮ ಪ್ರಶ್ನೆ ಇದು: ಬಿ.ಎಸ್ಸಿ.ಗೆ ಸಾಧ್ಯತೆ ಲೆಕ್ಕದ ಈ ಸೂತ್ರಗಳೆಲ್ಲ ಬಾಯಿಪಾಠ ಆಗಿವೆ. ನಾಣ್ಯ, ದಾಳ ಬಿಟ್ಟು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ದಿನದ ಬದುಕಿನಲ್ಲಿ ಇವು ಎಲ್ಲಿ ಕೆಲಸಕ್ಕೆ ಬರುತ್ತವೆ?

ಸೂತ್ರ ಆರಿಸುವುದು ಅಷ್ಟು ಕಷ್ಟವಲ್ಲ. ಒಂದು ಸಲದ ಫಲ ಮುಂದಿನದರ ಮೇಲೆ ಪರಿಣಾಮ ಮಾಡುತ್ತದೋ ಇಲ್ಲವೋ ಅಂತ ನೋಡುವುದೇ ನಿಜವಾದ ಕೆಲಸ. ಲೆಕ್ಕ ಕೆಡುವುದು ಹೆಚ್ಚಾಗಿ ಅಲ್ಲೇ.

ಹತ್ತಿ ಬಿತ್ತನೆಯನ್ನೇ ತೆಗೆದುಕೊಳ್ಳಿ. ಬೀಜದ ಮೊಳಕೆ ಪ್ರಮಾಣ ಶೇ 75 ಇರಲಿ. ಮೂರಡಿ ಸಾಲು, ಎರಡಡಿ ಅಂತರ ಇಟ್ಟರೆ ಎಕರೆಗೆ 43,560 ಚದರಡಿ ಭಾಗಿಸು 6, ಅಂದರೆ 7,260 ಕುಣಿ. ಕುಣಿಗೆ ಒಂದೇ ಕಾಳು ಊರಿದರೆ ನಾಲ್ಕರಲ್ಲೊಂದು ಖಾಲಿ, ಅಂದರೆ ಸುಮಾರು 1,815. ಎರಡು ಊರಿದರೆ ಎರಡೂ ಹುಟ್ಟದಿರುವ ಸಾಧ್ಯತೆ 0.25 × 0.25, ಶೇ 6.25, ಖಾಲಿ ಸುಮಾರು 454. ಮೂರು ಊರಿದರೆ 113ರಷ್ಟು. ಎರಡು ಕಾಳಿನಿಂದ ಮೂರಕ್ಕೆ ಹೋದರೆ ಉಳಿಯುವ ಕುಣಿ 340, ಅದಕ್ಕೆ ಬೇಕಾಗುವ ಬೀಜ ಮಾತ್ರ ಇನ್ನೂ 7,260. ಹತ್ತಿ ಬೀಜದ ಬೆಲೆಗೆ ಇದು ಹೊಂದುವುದಿಲ್ಲ. ಎರಡು ಊರಿ, ಖಾಲಿ ಬಿದ್ದಲ್ಲಿ ಮತ್ತೆ ಊರುವುದೇ ಲೇಸು. ಇದು ಬೈನಾಮಿಯಲ್: ಒಂದಕ್ಕೊಂದು ಸಂಬಂಧವಿಲ್ಲದ, ಒಂದೇ ಸಾಧ್ಯತೆಯ ಇಂತಿಷ್ಟು ಪ್ರಯತ್ನಗಳಲ್ಲಿ ಎಷ್ಟು ಫಲಿಸುತ್ತವೆ ಎನ್ನುವ ಲೆಕ್ಕ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮೊದಲನೆಯದು ಆ 75 ಎಲ್ಲಿಂದ ಬಂತು ಎನ್ನುವುದು. ಒದ್ದೆ ಗೋಣಿಯಲ್ಲಿ 100 ಕಾಳು ಕಟ್ಟಿಟ್ಟು 75 ಮೊಳೆತರೆ, ಆ ಅಂದಾಜಿನ ಮಾನಕ ದೋಷ (ಅಂದಾಜು ನಿಜದಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಎನ್ನುವ ಅಳತೆ) √(0.75 × 0.25 ÷ 100), ಅಂದರೆ ಶೇ 4.3. ಅದರ ಎರಡು ಪಟ್ಟು ಆಚೀಚೆ ಹಿಡಿದರೆ ನಿಜವಾದ ಪ್ರಮಾಣ 66 ಕೂಡ ಇರಬಹುದು, 84 ಕೂಡ ಇರಬಹುದು. 66 ಆಗಿದ್ದರೆ ಎರಡು ಕಾಳು ಊರಿದ ಮೇಲೂ ಖಾಲಿ ಕುಣಿ 454 ಅಲ್ಲ, 839! ಬೀಜ ಪ್ರಯೋಗಾಲಯಗಳು 400 ಕಾಳು ಇಟ್ಟು ಪರೀಕ್ಷಿಸುವುದಕ್ಕೆ ಇದೇ ಕಾರಣ. ಆಗ ದೋಷ ಅರ್ಧಕ್ಕೆ ಇಳಿಯುತ್ತದೆ. ಎರಡನೆಯದು ಹೊಲ. ಬಿತ್ತಿದ ಮೇಲೆ ಜೋರು ಮಳೆ ಬಿದ್ದು ಮಣ್ಣು ಹೆಪ್ಪುಗಟ್ಟಿದರೆ, ಎರೆ ಹೊಲದ ತಗ್ಗಿನಲ್ಲಿ ನೀರು ನಿಂತರೆ, ಒಂದೇ ಕುಣಿಯ ಎರಡೂ ಕಾಳು ಒಟ್ಟಿಗೆ ಹಾಳಾಗುತ್ತವೆ. ಆಗ 0.25 × 0.25 ಅನ್ನುವ ಗುಣಾಕಾರಕ್ಕೆ ಅರ್ಥವೇ ಇಲ್ಲ. ಖಾಲಿ ಕುಣಿಗಳು ಹೊಲದ ತುಂಬ ಚದುರಿದ್ದರೆ ಬೀಜವನ್ನು ಅನುಮಾನಿಸಿ. ಒಂದೇ ಮೂಲೆಯಲ್ಲಿ ಗುಂಪಾಗಿದ್ದರೆ ಮಣ್ಣನ್ನು ನೋಡಿ.

ಪಾಯ್ಸಾನ್ ಅಂಗಡಿಯವರಿಗೆ ಒದಗುವ ಲೆಕ್ಕ: ಸರಾಸರಿ ಗೊತ್ತಿದ್ದರೆ ಒಂದು ಅವಧಿಯಲ್ಲಿ ಎಷ್ಟು ಸಲ ಆಗಬಹುದು ಎಂದು ಅದು ಹೇಳುತ್ತದೆ. ಗಂಗಾವತಿಯ ಒಂದು ಪಂಪ್‌ಸೆಟ್ ಬಿಡಿಭಾಗದ ಅಂಗಡಿಯಲ್ಲಿ ಒಂದು ಅಳತೆಯ ಬೇರಿಂಗ್ ದಿನಕ್ಕೆ ಸರಾಸರಿ 3 ಹೋಗುತ್ತದೆ ಎಂದುಕೊಳ್ಳಿ. ಬೆಳಿಗ್ಗೆ ಮೂರೇ ಇಟ್ಟುಕೊಂಡು ಕೂತರೆ ಶೇ 35ರಷ್ಟು ದಿನ ಗಿರಾಕಿ ಬರಿಗೈಯಲ್ಲಿ ವಾಪಸ್ ಹೋಗುತ್ತಾನೆ. ಐದು ಇಟ್ಟರೆ ಅದು ಶೇ 8.4, ಆರು ಇಟ್ಟರೆ ಶೇ 3.4, ಹೆಚ್ಚುಕಡಿಮೆ ತಿಂಗಳಿಗೊಂದು ದಿನ. ಹಾಗಂತ ಆರು ದಿನಕ್ಕೊಮ್ಮೆ ಮಾಲು ತರಿಸುವವರು 6 × 6 = 36 ತರಿಸಬೇಕಿಲ್ಲ. ಆರು ದಿನದ ಸರಾಸರಿ 18 ಹಾಕಿ ನೋಡಿದರೆ 26 ತರಿಸಿದರೂ ಸಾಲದೆ ಬೀಳುವ ಸಾಧ್ಯತೆ ಶೇ 3ಕ್ಕಿಂತ ಕಡಿಮೆ. ಒಂದು ದಿನದ ಏರನ್ನು ಇನ್ನೊಂದು ದಿನದ ಇಳಿತ ಸರಿದೂಗಿಸುತ್ತದೆ. ಹತ್ತು ಬೇರಿಂಗ್‌ನಷ್ಟು ದುಡ್ಡು ಉಳಿಯಿತು.

ಇದು ನಿಮ್ಮ ಅಂಗಡಿಗೆ ಹೊಂದುತ್ತದೆಯೇ ಎಂದು ನೋಡಲು ಸುಲಭದ ದಾರಿ ಇದೆ. ಎರಡು ತಿಂಗಳ ದಿನವಹಿ ಮಾರಾಟ ಬರೆದು ಸರಾಸರಿ ಮತ್ತು ವೇರಿಯನ್ಸ್ (ದಿನದಿನದ ಮಾರಾಟ ಸರಾಸರಿಯಿಂದ ಎಷ್ಟು ದೂರವೋ ಅದರ ವರ್ಗಗಳ ಸರಾಸರಿ) ತೆಗೆಯಿರಿ. ಎರಡೂ ಹತ್ತಿರ ಇದ್ದರೆ ಪಾಯ್ಸಾನ್ ನಡೆಯುತ್ತದೆ. ಸರಾಸರಿ 3 ಇದ್ದು ವೇರಿಯನ್ಸ್ 8 ಬಂದರೆ ಬೇರೆ ಬೇರೆ ಥರದ ದಿನಗಳನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ ಅಂತ ಅರ್ಥ. ಸಂತೆಯ ದಿನ ಬೇರೆ, ತುಂಗಭದ್ರಾ ಕಾಲುವೆಗೆ ನೀರು ಬಿಟ್ಟ ವಾರ ಬೇರೆ. ಅವನ್ನು ಬಿಡಿಸಿ ಬೇರೆಬೇರೆ ಸರಾಸರಿ ತೆಗೆದರೆ ಲೆಕ್ಕ ಮತ್ತೆ ಕೂಡುತ್ತದೆ. 1898ರಲ್ಲಿ ಸಂಖ್ಯಾಶಾಸ್ತ್ರಜ್ಞ ಬೋರ್ಟ್‌ಕೆವಿಚ್ ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು ಪಾಯ್ಸಾನ್‌ಗೆ ತಾಳೆ ನೋಡಿದ್ದರು: ಒಂದು ದಳದ ಒಂದು ವರ್ಷಕ್ಕೆ ಒಂದರಂತೆ 200 ದಾಖಲೆಗಳಲ್ಲಿ 109ರಲ್ಲಿ ಒಂದೂ ಸಾವಿಲ್ಲ, ಸೂತ್ರ ಹೇಳಿದ್ದು 108.7.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಮಾಲು ಪರೀಕ್ಷಿಸುವವರಿಗೆ ಬೇಕಾದ್ದು ಹೈಪರ್‌ಜಿಯೊಮೆಟ್ರಿಕ್, ಏಕೆಂದರೆ ನೋಡಿದ ಪ್ಯಾಂಟನ್ನು ಕಟ್ಟಿಗೆ ವಾಪಸ್ ಹಾಕುವುದಿಲ್ಲ. 50ರ ಕಟ್ಟಿನಲ್ಲಿ 5 ದೋಷದವು ಇದ್ದರೆ, 5 ಪೀಸ್ ನೋಡಿ ಎಲ್ಲವೂ ಚೆನ್ನಾಗಿ ಕಾಣುವ ಸಾಧ್ಯತೆ ಶೇ 58. ಹತ್ತು ನೋಡಿದರೆ 31, ಇಪ್ಪತ್ತು ನೋಡಿದರೆ 6.7. ಐದು ಪೀಸ್ ನೋಡಿ ‘ಓಕೆ’ ಅನ್ನುವುದು ಪರೀಕ್ಷೆಯೇ ಅಲ್ಲ. ಮೇಲಿನವನ್ನಷ್ಟೇ ಎತ್ತಿ ನೋಡಿದರಂತೂ ಈ ಅಂಕಿಗಳೂ ನಿಲ್ಲುವುದಿಲ್ಲ. ಒಂದು ಮಷೀನಿನ ಸೂಜಿ ಕೆಟ್ಟಾಗ ಹೊಲಿದವು ಕಟ್ಟಿನೊಳಗೆ ಒಟ್ಟಿಗೇ ಇರುತ್ತವೆ. ಮೇಲೆ, ನಡುವೆ, ಕೆಳಗೆ, ಎಲ್ಲ ಕಡೆಯಿಂದ ತೆಗೆಯಬೇಕು.

ಇನ್ನು ಜಿಯೊಮೆಟ್ರಿಕ್, ಅಂದರೆ ಮೊದಲ ಯಶಸ್ಸು ಎಷ್ಟನೆಯ ಪ್ರಯತ್ನಕ್ಕೆ ಎನ್ನುವ ಲೆಕ್ಕ. ಅದನ್ನು ಕೊಳವೆಬಾವಿಗೆ ಹಚ್ಚಿ ನಮ್ಮ ರೈತರು ಸಾಲಕ್ಕೆ ಬೀಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಸೂತ್ರ ಗೊತ್ತಿಲ್ಲದವರೂ ಅದನ್ನೇ, ಇನ್ನೂ ತಪ್ಪಾಗಿ ಹಚ್ಚುತ್ತಾರೆ: ‘ಎರಡು ಫೇಲ್ ಆದವು, ಇನ್ನು ಮೂರನೇದಕ್ಕೆ ನೀರು ಬಂದೇ ಬರ್ತಾವ.’ ಪ್ರತಿ ಸಲದ ಸಾಧ್ಯತೆ ಶೇ 35 ಎಂದಾದರೆ ಜಿಯೊಮೆಟ್ರಿಕ್ ಪ್ರಕಾರ ಎರಡು ವಿಫಲವಾದ ಮೇಲೂ ಮೂರನೆಯದಕ್ಕೆ ಅದೇ 35, ಹೆಚ್ಚುವುದಂತೂ ಇಲ್ಲ. ಆದರೆ ಒಂದೇ ಹೊಲದ ಎರಡು ಬೋರ್‌ಗಳು ದಾಳದ ಎರಡು ಎಸೆತಗಳಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಕೆಳಗಿರುವುದು ಗಟ್ಟಿ ಬಂಡೆ. ನೀರು ಇರುವುದು ಅದರ ಬಿರುಕುಗಳಲ್ಲಿ ಮಾತ್ರ. ಬಿರುಕು ಆ ಹೊಲದಡಿ ಹಾದಿದ್ದರೆ ಎಲ್ಲ ಬೋರ್‌ಗೂ ಅನುಕೂಲ, ಇಲ್ಲದಿದ್ದರೆ ಎಲ್ಲಕ್ಕೂ ನಷ್ಟ.

ಇದನ್ನು ಲೆಕ್ಕಕ್ಕೆ ತರುವುದು ಹೀಗೆ. ಅಂಕಿಗಳು ಉದಾಹರಣೆಗೆ ಮಾತ್ರ. ಹೊಲಗಳಲ್ಲಿ ಅರ್ಧ ಒಳ್ಳೆಯವು, ಅಲ್ಲಿ ಪ್ರತಿ ಬೋರ್‌ಗೆ ನೀರು ಬರುವ ಸಾಧ್ಯತೆ 0.6; ಇನ್ನರ್ಧ ಒಣ ಹೊಲ, ಅಲ್ಲಿ 0.1. ಕೊರೆಯುವ ಮೊದಲು ಸಾಧ್ಯತೆ ಇವೆರಡರ ಸರಾಸರಿ, 0.35. ಎರಡು ಬೋರ್ ವಿಫಲವಾದವು. ಒಳ್ಳೆ ಹೊಲದಲ್ಲಿ ಹಾಗಾಗುವುದು 0.4 × 0.4 = 0.16, ಒಣ ಹೊಲದಲ್ಲಿ 0.9 × 0.9 = 0.81. ನಿಮ್ಮದು ಒಳ್ಳೆ ಹೊಲ ಆಗಿರುವ ಸಾಧ್ಯತೆ ಈಗ 0.16 ÷ (0.16 + 0.81), ಅಂದರೆ 0.165. ಮೂರನೆಯದಕ್ಕೆ ನೀರು: 0.165 × 0.6 + 0.835 × 0.1, ಸುಮಾರು 0.18. ಮೂವತ್ತೈದಿದ್ದದ್ದು ಹದಿನೆಂಟಕ್ಕೆ ಇಳಿಯಿತು. ನೀರು ಸಿಗುವವರೆಗೆ ಕೊರೆಯುತ್ತಲೇ ಇರುತ್ತೇನೆ ಅಂದರೆ ಇನ್ನೆಷ್ಟು ಬೋರ್ ಬೇಕು? ಜಿಯೊಮೆಟ್ರಿಕ್‌ನ 1 ÷ 0.35 ಸುಮಾರು 2.9 ಅನ್ನುತ್ತದೆ. ಎರಡು ಥರದ ಹೊಲದ ಲೆಕ್ಕದಲ್ಲಿ 0.165 × (1 ÷ 0.6) + 0.835 × (1 ÷ 0.1), ಸರಾಸರಿ 8.6. ಮೂರು ಬೋರ್‌ಗೆ ಸಾಲ ಹೊಂದಿಸಿಕೊಂಡವರು ಈ ಎಂಟೂವರೆಯನ್ನು ಎಲ್ಲಿಂದ ತರಬೇಕು?

ನಿಮಗೆ ನಿಜವಾಗಿಯೂ ಇದರಲ್ಲಿ ಆಸಕ್ತಿ ಇದ್ದರೆ ಊರಲ್ಲಿ ಹೊಲವಾರು ಕೇಳಿ ಬರೆದುಕೊಳ್ಳಿ: ಎಷ್ಟು ಕೊರೆಸಿದರು, ಎಷ್ಟನೆಯದಕ್ಕೆ ನೀರು ಬಂತು, ಎಷ್ಟು ಅಡಿಗೆ. ನೀರು ಸಿಗದೆ ಬಿಟ್ಟವರನ್ನು ತಪ್ಪದೆ ಸೇರಿಸಿ. ಅವರನ್ನು ಬಿಟ್ಟರೆ ಸಾಧ್ಯತೆ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ. ನಂತರ ಮೊದಲ ಬೋರ್‌ನ ಯಶಸ್ಸಿನ ಪ್ರಮಾಣವನ್ನೂ ಎರಡು ವಿಫಲವಾದ ಹೊಲಗಳ ಮೂರನೆಯ ಬೋರ್‌ನ ಪ್ರಮಾಣವನ್ನೂ ಪಕ್ಕಪಕ್ಕ ಇಟ್ಟು ನೋಡಿ.