ಅಘನಾಶಿನಿ ಅಳಿವೆಗೆ ಸಮುದ್ರಮಟ್ಟದ ಅಂಕಿಅಂಶ ಎಲ್ಲಿ ಸಿಗುತ್ತದೆ?

ಅಘನಾಶಿನಿಯ ಗಜನಿ (ಅಳಿವೆಯಂಚಿನ, ಕಟ್ಟೆ ಹಾಕಿದ ತಗ್ಗು ಗದ್ದೆ), ಕಾಂಡ್ಲಾ (ಮ್ಯಾಂಗ್ರೋವ್ ಕಾಡು) ಅಧ್ಯಯನಕ್ಕೆ ಸಮುದ್ರಮಟ್ಟದ ದತ್ತಾಂಶ ಬೇಕೆಂದು ಕೇಳಿದ್ದೀರಿ. ಹತ್ತಾರು ವರ್ಷಗಳಲ್ಲಿ ಕಡಲು ಎಷ್ಟು ಏರಿದೆ ಎನ್ನುವುದು ಬೇಕೋ, ಗಜನಿಯ ಕಟ್ಟೆ ದಾಟಿ ಉಪ್ಪುನೀರು ಯಾವಾಗ ನುಗ್ಗುತ್ತದೆ ಎನ್ನುವುದು ಬೇಕೋ, ಮೊದಲು ತೀರ್ಮಾನಿಸಿ. ಎರಡಕ್ಕೂ ಒಂದೇ ಫೈಲು ಆಗುವುದಿಲ್ಲ.

ಏರಿಕೆಗಾದರೆ ಪಿಎಸ್‌ಎಂಎಸ್‌ಎಲ್ (ಸರಾಸರಿ ಸಮುದ್ರಮಟ್ಟದ ಜಾಗತಿಕ ದತ್ತಾಂಶ ಸೇವೆ) ತಾಣಕ್ಕೆ ಹೋಗಿ. ಲಿವರ್‌ಪೂಲ್‌ನ ಈ ಸಂಸ್ಥೆ ಜಗತ್ತಿನ ಬಂದರುಗಳ ತಿಂಗಳ ಸರಾಸರಿಯನ್ನು ಪುಕ್ಕಟೆ ಕೊಡುತ್ತದೆ. ಅಳಿವೆಯಿಂದ ಸುಮಾರು 40 ಕಿ.ಮೀ. ಉತ್ತರದ ಕಾರವಾರವೂ, ದಕ್ಷಿಣದ ಮಂಗಳೂರೂ ಅದರಲ್ಲಿವೆ. ಆದರೆ ನಡುನಡುವೆ ತಿಂಗಳುಗಳು ಖಾಲಿ. ಹಾಗಾಗಿ 1878ರಿಂದ ದಾಖಲೆಯಿರುವ ಮುಂಬಯಿಯನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ. ಫೈಲು ತೆರೆದರೆ 1990.0417 ಎಂಬಂಥ ಅಂಕಿ ಕಾಣುತ್ತದೆ. ಅದು 1990ರ ಜನವರಿಯ ನಡುಭಾಗ. ಪಕ್ಕದ ಅಂಕಿ ಮಿಲಿಮೀಟರಿನಲ್ಲಿದೆ. -99999 ಎಂದಿದ್ದರೆ ಅಳತೆ ಇಲ್ಲ ಎಂದರ್ಥ. ಅದನ್ನು ತೆಗೆಯದೆ ಗೆರೆ ಎಳೆದರೆ ಕಡಲು ಪಾತಾಳಕ್ಕಿಳಿಯುತ್ತದೆ! ಉದ್ದಕ್ಕೂ ಒಂದೇ ಸೊನ್ನೆಗೆ ಹೊಂದಿಸಿದ ‘ಆರ್‌ಎಲ್‌ಆರ್’ ಸರಣಿಯನ್ನೇ ಬಳಸಿ. ‘ಮೆಟ್ರಿಕ್’ ಸರಣಿಯಲ್ಲಿ ಮಾಪಕದ ಸೊನ್ನೆ ನಡುವೆ ಬದಲಾಗಿರಬಹುದು, ಅದರಿಂದ ಏರಿಕೆಯ ದರ ತೆಗೆಯಬಾರದು.

ಐರೋಪ್ಯ ಒಕ್ಕೂಟದ ಭೂವೀಕ್ಷಣಾ ಯೋಜನೆ ಕೋಪರ್ನಿಕಸ್‌ನ ಉಪಗ್ರಹ ದತ್ತಾಂಶ 1993ರಿಂದ ಇದೆ, ದಿನಕ್ಕೊಂದು ನಕ್ಷೆ. ಆದರೆ ಅದರಲ್ಲಿ ಉಬ್ಬರವಿಳಿತವನ್ನು ಕಳೆದಿರುತ್ತಾರೆ. ದಡದ ಹತ್ತಿಪ್ಪತ್ತು ಕಿ.ಮೀ. ಒಳಗೆ ನೆಲದ ಪ್ರತಿಫಲನ ಬೆರೆತು ಅಳತೆ ಕೆಡುತ್ತದೆ. ಹೊರಗಿನ ಕಡಲಿನ ಋತುಮಾನ ನೋಡಲಷ್ಟೇ ಅದನ್ನು ನಂಬುತ್ತೇನೆ. ಆ ಋತುಮಾನವನ್ನು ಮಾತ್ರ ಮರೆಯಬೇಡಿ: ನಮ್ಮ ಕರಾವಳಿಯಲ್ಲಿ ಮಳೆಗಾಲದ ಕೊನೆಗೆ ಕಡಲಮಟ್ಟ ತಗ್ಗುತ್ತದೆ, ಚಳಿಗಾಲದಲ್ಲಿ ಏರುತ್ತದೆ. ಅದೇ ಮಳೆಗಾಲದಲ್ಲಿ ಹೊಳೆಯ ನೀರು ಅಳಿವೆಯನ್ನು ಉಬ್ಬಿಸುತ್ತದೆ. ಕಾರವಾರದ ಅಂಕಿಯನ್ನು ತಂದು ಗಜನಿಗೆ ನೇರ ಅಂಟಿಸಿದರೆ ಲೆಕ್ಕ ಎಡವುವುದು ಇಲ್ಲಿಯೇ.

ಉಪ್ಪುನೀರು ನುಗ್ಗುವ ಹೊತ್ತು ತಿಳಿಯಲು ಗಂಟೆಗಂಟೆಯ ಮಟ್ಟ ಬೇಕು. ಅದಕ್ಕೆ ಹೈದರಾಬಾದಿನ ಇನ್‌ಕಾಯ್ಸ್ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ), ಐಓಸಿಯ (ಯುನೆಸ್ಕೋದ ಸಾಗರವಿಜ್ಞಾನ ಆಯೋಗ) ಸಮುದ್ರಮಟ್ಟ ತಾಣ ನೋಡಿ. ಮುಂದಿನ ಉಬ್ಬರದ ಸಮಯಕ್ಕೆ ಸರ್ವೇ ಆಫ್ ಇಂಡಿಯಾದ ಉಬ್ಬರವಿಳಿತ ಕೋಷ್ಟಕ. ಐಓಸಿಯ ವೇಳೆ ಯುಟಿಸಿ, ಅಂದರೆ ಅಂತಾರಾಷ್ಟ್ರೀಯ ಪ್ರಮಾಣ ವೇಳೆ. ಐದೂವರೆ ಗಂಟೆ ಕೂಡಿಸದಿದ್ದರೆ ನಿಮ್ಮ ಭರತಿ ಇಳಿತದ ಹೊತ್ತಿಗೆ ಬಂದು ಕೂರುತ್ತದೆ.

ಇಷ್ಟಾದರೂ ಗಜನಿಯ ಒಳಮಟ್ಟಕ್ಕೆ ಸ್ವಂತ ಅಳತೆ ಬೇಕೇ ಬೇಕು. ತೂತು ಕೊರೆದ ಪಿವಿಸಿ ಪೈಪಿನಲ್ಲಿ ಒತ್ತಡದ ಲಾಗರ್ (ನೀರಿನ ಒತ್ತಡವನ್ನು ತಾನೇ ದಾಖಲಿಸುವ ಉಪಕರಣ) ಇಳಿಸಿ, 10 ನಿಮಿಷಕ್ಕೊಮ್ಮೆ, ಕನಿಷ್ಠ 30 ದಿನ. ಇನ್ನೊಂದನ್ನು ದಡದ ಗಾಳಿಯಲ್ಲಿಡಿ; ಗಾಳಿಯ ಒತ್ತಡ 1 ಮಿಲಿಬಾರ್ ಹೆಚ್ಚಾದರೆ, ಕಳೆಯದೆ ಬಿಟ್ಟ ಪಕ್ಷದಲ್ಲಿ, ನೀರು ಸುಮಾರು 1 ಸೆಂ.ಮೀ. ಹೆಚ್ಚಿದಂತೆ ಕಾಣುತ್ತದೆ. ಪೈಪಿನ ತೂತುಗಳಿಗೆ ಚಿಪ್ಪು ಹತ್ತಿ ಮುಚ್ಚಿಕೊಂಡರೆ ಉಬ್ಬರದ ತುದಿ ಚಪ್ಪಟೆಯಾಗುತ್ತದೆ, ಹಾಗಾಗಿ ವಾರಕ್ಕೊಮ್ಮೆ ಕೆರೆಯಿರಿ. ಲಾಗರಿನ ಸೊನ್ನೆಯನ್ನೂ ಕಟ್ಟೆಯ ತಲೆಯನ್ನೂ ಒಂದೇ ಬೆಂಚ್‌ಮಾರ್ಕಿನಿಂದ (ಎತ್ತರ ಗೊತ್ತಿರುವ ಸ್ಥಿರ ಗುರುತು) ಲೆವೆಲ್ ಹಾಕಿ ಅಳೆಯಿರಿ. ಉಬ್ಬರದ ಕೋಷ್ಟಕದ ಸೊನ್ನೆ ಬೇರೆ, ಭೂನಕ್ಷೆಯ ಸೊನ್ನೆ ಬೇರೆ.