ಸಿಡಿ ಮತ್ತು ಎಂಪಿ3: ಹೋಲಿಸುವ ಮೊದಲು

ನಿಮ್ಮ ವೀಣೆ ಕಛೇರಿಯ ಸಿಡಿ, ಇಂಟರ್ನೆಟ್‌ನಿಂದ ಇಳಿಸಿಕೊಂಡ ಅದೇ ಕಛೇರಿಯ ಎಂಪಿ3ಗಿಂತ ಚೆನ್ನಾಗಿ ಕೇಳಿಸುತ್ತದೆ, ಇದು ನಿಜವೋ ಭ್ರಮೆಯೋ ಎಂದು ಕೇಳಿದ್ದೀರಿ. ನಿಜವೇ ಇರಬಹುದು. ಆದರೆ ಆ ಎರಡನ್ನು ಹೋಲಿಸಿ ತೀರ್ಮಾನಿಸಬೇಡಿ. ಇಳಿಸಿಕೊಂಡ ಫೈಲ್ ಹಳೇ ಕ್ಯಾಸೆಟ್‌ನಿಂದಲೂ ಬಂದಿರಬಹುದು, ಅಲ್ವಾ? ನಿಮ್ಮ ಸಿಡಿಯನ್ನೇ ಕಂಪ್ಯೂಟರಿಗೆ ಹಾಕಿ ವೇವ್ ಫೈಲ್, ಅಂದರೆ ಶಬ್ದವನ್ನು ಕುಗ್ಗಿಸದ ಫೈಲ್ ಮಾಡಿಕೊಳ್ಳಿ. ಅದರಿಂದಲೇ 128 ಮತ್ತು 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಮಾಹಿತಿ) ಎಂಪಿ3 ಮಾಡಿ, ಒಂದೊಂದನ್ನೂ ವೇವ್ ಫೈಲ್ ಜೊತೆ ಹೋಲಿಸಿ. ಸಿಡಿಯಲ್ಲಿ ಸೆಕೆಂಡಿಗೆ 1411 ಕಿಲೋಬಿಟ್ ಇರುತ್ತದೆ. 128ಕ್ಕೆ ಇಳಿಸಿದರೆ ಉಳಿಯುವುದು ಸುಮಾರು ಹನ್ನೊಂದರಲ್ಲಿ ಒಂದು ಪಾಲು.

ಹೋಲಿಸುವ ಎರಡು ಫೈಲ್‌ಗಳ ವಾಲ್ಯೂಮ್ ಸಮ ಇರಲೇಬೇಕು. ಸ್ವಲ್ಪ ಜೋರಾಗಿರುವುದೇ ಕಿವಿಗೆ ಚೆನ್ನಾಗಿದೆ ಅನಿಸಿಬಿಡುತ್ತದೆ. ಫೂಬಾರ್2000 ಎಂಬ ಕಂಪ್ಯೂಟರ್ ಮ್ಯೂಸಿಕ್ ಪ್ಲೇಯರಿಗೆ ಎಬಿಎಕ್ಸ್ ಎಂಬ ಉಚಿತ ಆಡ್-ಆನ್ ಸಿಗುತ್ತದೆ. ಯಾವುದು ಯಾವ ಫೈಲ್ ಅಂತ ಹೇಳದೆ ನುಡಿಸುತ್ತದೆ, ನೀವು ಗುರುತಿಸಬೇಕು. 16 ಸಲ ಮಾಡಿ. 12 ಸಲಕ್ಕಿಂತ ಕಡಿಮೆ ಸರಿಯಾದರೆ ಅದು ಸುಮ್ನೆ ಊಹೆಯೂ ಆಗಿರಬಹುದು.

ಕಿವಿ ಕೊಡಬೇಕಾದ್ದು ವೀಣೆಯ ಮೀಟು, ಮೃದಂಗದ ಚಾಪು, ಮೋರ್ಸಿಂಗ್ ಕಡೆಗೆ. ಎಂಪಿ3 ಶಬ್ದವನ್ನು ತುಂಡು ತುಂಡಾಗಿ ಕುಗ್ಗಿಸುತ್ತದೆ. ಅದರಿಂದಾಗುವ ತಪ್ಪು ಇಡೀ ತುಂಡಿಗೆ ಹರಡುತ್ತದೆ. ಹಾಗಾಗಿ 128ರಲ್ಲಿ ಪೆಟ್ಟು ಬೀಳುವ ಮೊದಲೇ ಒಂದು ಮಸುಕು ಸದ್ದು ಕೇಳಬಹುದು. ಕಛೇರಿ ಮುಗಿದಾಗಿನ ಚಪ್ಪಾಳೆಯನ್ನೂ ಗಮನಿಸಿ, ನೀರು ಸುರಿದ ಹಾಗೆ ಕಲಸಿಹೋಗಿರುತ್ತದೆ. 320ರಲ್ಲಿ ಇವು ಬಹಳ ಜನಕ್ಕೆ ಗೊತ್ತಾಗುವುದಿಲ್ಲ, ನನಗೂ ಕಷ್ಟ.

ಬ್ಲೂಟೂತ್ ಬೇಡ, ಅದು ಮತ್ತೊಮ್ಮೆ ಕುಗ್ಗಿಸುತ್ತದೆ. ವೈರ್ ಇರುವ ಹೆಡ್‌ಫೋನ್ ಬಳಸಿ. ಸಿಡಿಗಳನ್ನು ಕಂಪ್ಯೂಟರಿನಲ್ಲಿ ಉಳಿಸಿಡುವುದಾದರೆ ಎಂಪಿ3 ಬಿಟ್ಟು ಫ್ಲ್ಯಾಕ್ ಎಂಬ ಬಗೆಯ ಫೈಲ್ ಮಾಡಿ. ಅದರಲ್ಲಿ ಏನೂ ಕಳೆದುಹೋಗುವುದಿಲ್ಲ.