'ಗೆಟ್' ಬೆನ್ನುಬಿಡುತ್ತಿಲ್ಲ ಎಂದವರಿಗೆ

ಇಂಗ್ಲಿಷ್ ಓದಲು ಬರೆಯಲು ನಿಮಗೆ ತೊಂದರೆಯಿಲ್ಲ. ಆದರೆ ಹೊಸ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಬರೀ 'ಗೆಟ್', ಅದರ ಸಮಾನಾರ್ಥಕ ಪದಗಳನ್ನು ಬಾಯಿಪಾಠ ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಹೊರದೇಶದಲ್ಲಿ ನೆಲೆಸಿ ಬಹಳ ಕಾಲವಾಯಿತು. ಪಟ್ಟಿ ಉರುಹೊಡೆದವರಿಗೆ ಈ ಪದ ಒಲಿದದ್ದನ್ನು ಕಂಡಿಲ್ಲ.

ನಮ್ಮ 'ಹಾಕು' ಪದವನ್ನೇ ನೋಡಿ. ಬೀಗ ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ವೋಟು ಹಾಕುತ್ತೇವೆ, ಅಡ್ಡಗಾಲೂ ಹಾಕುತ್ತೇವೆ. ಗೆಟ್ ಕೂಡ ಹಾಗೇ, ಪಕ್ಕದಲ್ಲಿ ಯಾರಿದ್ದಾರೋ ಅವರಿಂದಲೇ ಅದಕ್ಕೆ ಅರ್ಥ. 'ಗೆಟ್ ಓವರ್' ಅಂದರೆ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು. 'ಗೆಟ್ ಬೈ' ಅಂದರೆ ಇದ್ದುದರಲ್ಲಿ ಹೇಗೋ ನಿಭಾಯಿಸುವುದು. 'ಗೆಟ್ ಅವೇ ವಿತ್' ಅಂದರೆ ತಪ್ಪು ಮಾಡಿಯೂ ಶಿಕ್ಷೆಯಿಲ್ಲದೆ ಪಾರಾಗುವುದು.

ಊಟದ ಬಿಲ್ಲು ಮೇಜಿಗೆ ಬಂದಾಗ ಸಹೋದ್ಯೋಗಿ ಕೈಚಾಚಿ 'ಐ ವಿಲ್ ಗೆಟ್ ದಿಸ್' ಎಂದರೆ, ದುಡ್ಡು ತಾನೇ ಕೊಡುತ್ತೇನೆ ಎಂದು. ಅದೇ ವ್ಯಕ್ತಿ ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿದು 'ಕ್ಯಾನ್ ಯು ಗೆಟ್ ದ ಡೋರ್?' ಎಂದರೆ ಬಾಗಿಲು ತೆಗೆಯಿರಿ ಎಂದು. ಮೀಟಿಂಗಿನಲ್ಲಿ 'ಐ ಡೋಂಟ್ ಗೆಟ್ ಇಟ್' ಎಂಬುದು ಆಕ್ಷೇಪಣೆಯೇ ಆಗಬೇಕಿಲ್ಲ. ಬಹಳ ಸಲ ಅವರಿಗೆ ಅರ್ಥವಾಗಿಲ್ಲ, ಅಷ್ಟೇ. ಗಾಬರಿಯಾಗದೆ ಇನ್ನೊಮ್ಮೆ ವಿವರಿಸಿ.

ಗೆಟ್ ಬದಲು ರಿಸೀವ್, ಅಬ್ಟೇನ್ ಹಾಕಿದರಾಯಿತಲ್ಲ ಎಂದೂ ಕೇಳಿದ್ದೀರಿ. ಎಲ್ಲ ಕಡೆ ನಡೆಯುವುದಿಲ್ಲ, ಅದಕ್ಕೆ ಹಳೆಯ ಕಾರಣವೊಂದಿದೆ. ಗೆಟ್ ಬಂದದ್ದು ಸ್ಕಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಯೂರಿದ ವೈಕಿಂಗರ ನಾರ್ಸ್ ಭಾಷೆಯಿಂದ, ಅಂದರೆ ಜೊತೆಯಲ್ಲೇ ಬಾಳಿದವರ ಮಾತಿನಿಂದ. ರಿಸೀವ್, ಅಬ್ಟೇನ್ ಬಂದದ್ದು ಫ್ರೆಂಚಿನಿಂದ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದಲ್ಲೂ ನ್ಯಾಯಾಲಯದಲ್ಲೂ ಫ್ರೆಂಚೇ ಮೆರೆಯಿತು. ಆ ದೊಡ್ಡಸ್ತಿಕೆ ಇಂದಿಗೂ ಹೋಗಿಲ್ಲ. ಅರ್ಜಿಯಲ್ಲಿ, ಕರಾರುಪತ್ರದಲ್ಲಿ ಅಬ್ಟೇನ್ ಚೆನ್ನಾಗಿ ಒಪ್ಪುತ್ತದೆ. ಪಕ್ಕದ ಮನೆಯವರ ಹತ್ತಿರ ಹಾಲು 'ಅಬ್ಟೇನ್' ಮಾಡಿದೆ ಎಂದರೆ ಕೋರ್ಟಿನ ಕಾಗದ ಓದಿದಂತಿರುತ್ತದೆ. ಗೆಟ್ ಒರಟು ಪದ, ಬಳಸಬಾರದು ಎಂದು ಶಾಲೆಯಲ್ಲಿ ಕಲಿಸಿದ್ದರೆ ಆ ನಿಯಮವನ್ನು ಬರವಣಿಗೆಗೆ ಮಾತ್ರ ಇಟ್ಟುಕೊಳ್ಳಿ.

'ಹ್ಯಾವ್' ಜೊತೆ ಬರುವ ಗೆಟ್‌ನ ರೂಪವಾಗಿ ಅಮೆರಿಕದಲ್ಲಿ 'ಗಾಟನ್' ಕೇಳಿಸುತ್ತದೆ, ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 'ಗಾಟ್'. ಗಾಟನ್ ತಪ್ಪಲ್ಲ, ಇಂಗ್ಲಿಷಿನ ಹಳೆಯ ರೂಪವೇ ಅಲ್ಲಿ ಉಳಿದುಕೊಂಡಿದೆ. ನಿಮ್ಮ ಸುತ್ತಲಿನವರು ಅನ್ನುವಂತೆಯೇ ಅನ್ನಿ.

ಇನ್ನು ಕಿವಿಗೆ ಬಿದ್ದು ಅರ್ಥವಾಗದ್ದನ್ನು ಬಿಡಿಪದವಾಗಿ ಬರೆದಿಟ್ಟುಕೊಳ್ಳಬೇಡಿ. ಇಡೀ ವಾಕ್ಯ ಬರೆಯಿರಿ, ಯಾರು ಯಾವ ಹೊತ್ತಿನಲ್ಲಿ ಅಂದರು ಎಂಬುದನ್ನೂ ಸೇರಿಸಿ. ಆಮೇಲೂ ತಿಳಿಯದಿದ್ದರೆ ಅಂದವರನ್ನೇ ಕೇಳಿ. ಸಂಕೋಚವಿಲ್ಲದೆ ಕೇಳಿದರೆ ಜನ ಖುಷಿಯಿಂದಲೇ ಹೇಳಿಕೊಡುತ್ತಾರೆ.